ಸಂಪಾಜೆ ಘಾಟಿಯ ಸಿಮ್ಯುಲೇಶನ್‌: ವಾಹನ ವರ್ಗಗಳ ಕೋಷ್ಟಕ ಕಟ್ಟಿದ ಕೆಲಸದ ದಾಖಲೆ

ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275ರ ಒಂದು ತುಂಡನ್ನು ಸಿಮ್ಯುಲೇಟರಿಗೆ ತಂದಿದ್ದೇವೆ. ರಸ್ತೆ ಓಪನ್‌ಡ್ರೈವ್ ಎಂಬ ನಕ್ಷೆ ಮಾದರಿಯಲ್ಲಿದೆ, ಸಂಚಾರ ಸುಮೋ ಎಂಬ ಸಂಚಾರ ಸಿಮ್ಯುಲೇಟರಿನಲ್ಲಿ ಓಡುತ್ತದೆ. ಅಲ್ಲಿಂದ ಬಂದ ಚಲನೆಯನ್ನು ಓಪನ್‌ಸಿನಾರಿಯೋ ಕಡತವಾಗಿ (ಯಾವ ಗಾಡಿ ಯಾವಾಗ ಎಲ್ಲಿ ಎಂದು ಹೇಳುವ ಮಾದರಿ) ಬರೆದು ಎಸ್ಮಿನಿ ಎಂಬ ತಂತ್ರಾಂಶದಲ್ಲಿ ಆಡಿಸುತ್ತೇವೆ. ಎಸ್ಮಿನಿ ಕೊಡುವ ಓಎಸ್‌ಐ ಕಡತವನ್ನು (ಸುತ್ತಲಿನ ವಸ್ತುಗಳ ಪಟ್ಟಿ) ಸೆನ್ಸರ್ ಮಾದರಿ, ಅಂದರೆ ವಾಹನದ ಸೆನ್ಸರನ್ನು ಅನುಕರಿಸುವ ತಂತ್ರಾಂಶ, ಓದುತ್ತದೆ. ಹೀಗೆ ಒಂದೇ ಆಟೋ ನಾಲ್ಕು ಕಡೆ ನಾಲ್ಕು ಹೆಸರು ಹೊತ್ತು ತಿರುಗುತ್ತದೆ. ಆ ಹೆಸರುಗಳನ್ನು ಒಂದಕ್ಕೊಂದು ಹೊಂದಿಸಿದ ಕೆಲಸದ ದಾಖಲೆ ಇದು. ಕೋಷ್ಟಕದಲ್ಲಿ 23 ಸಾಲುಗಳಿವೆ. 21 ಮುಗಿದಿವೆ, ಎರಡು ಬಾಕಿ.

ಹಂತ 0. ಸಾಮಾನು, ಖರ್ಚು

ತಂತ್ರಾಂಶಕ್ಕೆ ದುಡ್ಡಿಲ್ಲ. ಸುಮೋ, ಎಸ್ಮಿನಿ, ಓಎಸ್‌ಐ ಮೂರೂ ಮುಕ್ತ ಪರವಾನಗಿಯವು. ಖರ್ಚಾದದ್ದು ಅಳತೆಗೆ: 5 ಮೀಟರ್ ಸ್ಟೀಲ್ ಟೇಪ್ ₹180, 30 ಮೀಟರ್ ಫೈಬರ್ ಟೇಪ್ ₹450, ಗಾರೆ ಕೆಲಸದವರ ತೂಗುಗುಂಡು ₹60, ಒಂದು ಡಬ್ಬಿ ಸೀಮೆಸುಣ್ಣ. ಕೋಷ್ಟಕ ಒಂದು ಸಿಎಸ್‌ವಿ ಕಡತ, ಅದನ್ನು ಓದುವ ಪೈಥಾನ್ ಸ್ಕ್ರಿಪ್ಟ್ ಸುಮಾರು 140 ಸಾಲು. ಬರೆಯಲು ಎರಡು ದಿನ ಸಾಕಾಯಿತು, ತಪ್ಪು ಹುಡುಕಲು ಮೂರು ವಾರ ಬೇಕಾಯಿತು.

ಹಂತ 1. ಅಳತೆ

ತಯಾರಕರ ಹಾಳೆಯಲ್ಲಿ ಉದ್ದ, ಅಗಲ, ಎತ್ತರ, ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ) ಸಿಗುತ್ತವೆ. ಆಕ್ಸಲ್‌ನಿಂದ ಬಂಪರಿಗೆ ಎಷ್ಟು ದೂರ (ಮುಂಚಾಚು, ಹಿಂಚಾಚು) ಎಂಬುದು ಹೆಚ್ಚಿನ ಹಾಳೆಗಳಲ್ಲಿ ಇರುವುದಿಲ್ಲ, ನಮಗೆ ಬೇಕಾದದ್ದು ಅದೇ. ಆಟೋ ಸ್ಟ್ಯಾಂಡಿನ ಸಮತಟ್ಟು ಜಾಗದಲ್ಲಿ ಹೀಗೆ ಅಳೆದದ್ದು: ಮುಂದಿನ ಚಕ್ರದ ನಡುವಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಒಂದು ಗುರುತು, ಹಿಂದಿನ ಚಕ್ರದ ನಡುವಿಂದ ಒಂದು, ಮುಂದಿನ ಮತ್ತು ಹಿಂದಿನ ತುದಿಗಳಿಂದ ಒಂದೊಂದು. ಆಟೋವನ್ನು ತಳ್ಳಿ ಪಕ್ಕಕ್ಕೆ ಸರಿಸಿದ ಮೇಲೆ ನಾಲ್ಕು ಸೀಮೆಸುಣ್ಣದ ಗೆರೆಗಳ ನಡುವೆ ಟೇಪ್ ಹಿಡಿಯುವುದು. ವಾಹನ ನಿಂತಿರುವಾಗಲೇ ಟೇಪ್ ಹಿಡಿದರೆ ಚಕ್ರಕ್ಕೆ ತಾಗಿ ಬಾಗಿ ಎರಡು ಮೂರು ಸೆಂಟಿಮೀಟರ್ ಹೆಚ್ಚು ತೋರಿಸುತ್ತದೆ.

ಆಟೋ: ಉದ್ದ 2.63 ಮೀ., ಅಗಲ 1.30, ಎತ್ತರ 1.70, ವೀಲ್‌ಬೇಸ್ 2.00, ಮುಂಚಾಚು 0.30, ಹಿಂಚಾಚು 0.33.
ಬಸ್ಸು: ಉದ್ದ 10.90, ವೀಲ್‌ಬೇಸ್ 5.64, ಮುಂಚಾಚು 2.00, ಹಿಂಚಾಚು 3.26.

ಉಳಿದ ವಾಹನಗಳ ಅಳತೆಯೂ ಹೀಗೆಯೇ ಆಯಿತು. ಟಿಂಬರ್ ಲಾರಿಯಲ್ಲಿ ಮರದ ದಿಮ್ಮಿ ಹಿಂದಕ್ಕೆ ಚಾಚಿರುವುದನ್ನು ಉದ್ದಕ್ಕೆ ಸೇರಿಸಬೇಕೋ ಬೇಡವೋ ಎಂಬ ಪ್ರಶ್ನೆ ಬಂತು. ಸೇರಿಸಲೇಬೇಕು. ತಿರುವಿನಲ್ಲಿ ಹಿಂದಿನ ಬೈಕಿಗೆ ತಗಲುವುದು ಲಾರಿಯ ಬಾಡಿಯಲ್ಲ, ಆ ದಿಮ್ಮಿ. ಖಾಲಿ ಲಾರಿಗೆ ಒಂದು ಸಾಲು, ತುಂಬಿದ ಲಾರಿಗೆ ಇನ್ನೊಂದು ಸಾಲು ಮಾಡಿದ್ದೇವೆ.

ಹಂತ 2. ಹೆಸರಿಗೆ ಹೆಸರು ಜೋಡಿಸಿದ್ದು: ಕೆಟ್ಟಿತು

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ನಾಲ್ಕು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಒಂದೇ ತರಹದ ಹೆಸರುಗಳಿಗೆ ಗೆರೆ ಎಳೆದದ್ದು.

ಓಪನ್‌ಸಿನಾರಿಯೋ 1.x ಪಟ್ಟಿಯಲ್ಲಿ ವಾಹನ ವರ್ಗ ಹತ್ತು: ಬೈಸಿಕಲ್, ಬಸ್, ಕಾರ್, ಮೋಟರ್‌ಬೈಕ್, ಸೆಮಿಟ್ರೈಲರ್, ಟ್ರೈಲರ್, ಟ್ರೈನ್, ಟ್ರ್ಯಾಮ್, ಟ್ರಕ್, ವ್ಯಾನ್. ಇದೇ ಮೋಟರ್‌ಬೈಕ್ ಓಎಸ್‌ಐಯಲ್ಲೂ ಮೋಟರ್‌ಬೈಕ್ (ಸಂಖ್ಯೆ 9). ಓಪನ್‌ಡ್ರೈವ್ ಮತ್ತು ಸುಮೋದಲ್ಲಿ ಮಾತ್ರ ಅದು ಮೋಟರ್‌ಸೈಕಲ್. ಅಕ್ಷರ ಹೋಲಿಸುವ ಸ್ಕ್ರಿಪ್ಟ್ ಇಲ್ಲೇ ಎಡವಿತು, ಆದರೆ ಇದು ಸಣ್ಣ ಎಡವು. ಹೆಸರು ಬೇರೆ ಇದ್ದರೆ ಸ್ಕ್ರಿಪ್ಟ್ ದೋಷ ತೋರಿಸಿ ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ಹೆಸರು ಒಂದೇ ಇದ್ದು ಅರ್ಥ ಬೇರೆ ಇದ್ದಾಗ ಏನೂ ನಿಲ್ಲುವುದಿಲ್ಲ. ಅಂಥವು ನಾಲ್ಕು ಸಿಕ್ಕವು.

ಸ್ಕೂಟರ್. ಸುಮೋದ ಹೊಸ ಆವೃತ್ತಿಗಳಲ್ಲಿ ಸ್ಕೂಟರ್ ಎಂಬ ವರ್ಗವಿದೆ. ಅದು ನಿಂತುಕೊಂಡು ಓಡಿಸುವ ಪುಟ್ಟ ಎಲೆಕ್ಟ್ರಿಕ್ ಹಲಗೆಗಾಡಿ, ಉದ್ದ 1.2 ಮೀಟರ್. ನಮ್ಮ ಗೇರ್ ಇಲ್ಲದ ಸ್ಕೂಟರ್ ಅಲ್ಲಿಗೆ ಹೋಗಿ ಕೂತರೆ ಘಾಟಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಅದರ ಜಾಗ ಮೋಟರ್‌ಸೈಕಲ್.

ಟ್ರ್ಯಾಕ್ಟರ್. ಓಎಸ್‌ಐಯ ‘ಸೆಮಿಟ್ರ್ಯಾಕ್ಟರ್’ (16) ಗದ್ದೆಯ ಟ್ರ್ಯಾಕ್ಟರ್ ಅಲ್ಲ. ಕಂಟೇನರ್ ಎಳೆಯುವ ಲಾರಿಯ ಮುಂಭಾಗ ಅದು. ಕಾಫಿ ಮೂಟೆ ಹೊತ್ತ ಟ್ರ್ಯಾಕ್ಟರ್ ಒಂದು ವಾರ ಅಲ್ಲೇ ಕೂತಿತ್ತು. ಸೆನ್ಸರ್ ಮಾದರಿ ಅದನ್ನು ಭಾರೀ ಲಾರಿಯ ಗುಂಪಿನಲ್ಲಿ ಎಣಿಸುತ್ತಿತ್ತು.

ವ್ಯಾನ್. ಓಪನ್‌ಸಿನಾರಿಯೋದ ವ್ಯಾನ್ ಓಎಸ್‌ಐಗೆ ಹೋದರೆ ‘ಡೆಲಿವರಿ ವ್ಯಾನ್’ (6), ಸುಮೋಗೆ ಹೋದರೆ ‘ಡೆಲಿವರಿ’. ಪಿಕಪ್‌ಗೆ ಇದು ಸರಿ. ಮಕ್ಕಳನ್ನು ಶಾಲೆಗೆ ಬಿಡುವ ಓಮ್ನಿಗೆ ಸರಿಯಲ್ಲ, ಅದು ಸರಕಿನ ಗಾಡಿಯಾಗಿಬಿಡುತ್ತದೆ. ಓಮ್ನಿಯನ್ನು ‘ಕಾರ್’ ಸಾಲಿಗೆ ತಂದದ್ದು ಹೀಗಾಗಿ.

ಗಾಲಿಕುರ್ಚಿ. ಓಪನ್‌ಸಿನಾರಿಯೋದಲ್ಲಿ ಅದು ಪಾದಚಾರಿಯ ಒಂದು ಬಗೆ, ಓಎಸ್‌ಐಯಲ್ಲಿ ವಾಹನದ ಒಂದು ಬಗೆ (14). ಪಾದಚಾರಿ ಪಟ್ಟಿ, ವಾಹನ ಪಟ್ಟಿ ಎಂದು ಸ್ಕ್ರಿಪ್ಟನ್ನು ಎರಡು ಹೋಳು ಮಾಡಿದ್ದರಿಂದ ಗಾಲಿಕುರ್ಚಿ ಎರಡರಲ್ಲೂ ಸಿಗದೆ ಮಾಯವಾಯಿತು.

23 ಸಾಲುಗಳನ್ನು ಒಂದು ಸುತ್ತು ಕಳಿಸಿ ವಾಪಸ್ ತಂದಾಗ ಹೋದಂತೆಯೇ ಬಂದದ್ದು 9 ಮಾತ್ರ.

ಹಂತ 3. ಒಂದು ಕಾಲಂ ಬದಲು ಐದು

ಪಟ್ಟಿಗಳು ಕೇಳುವ ಪ್ರಶ್ನೆಯೇ ಬೇರೆ ಬೇರೆ. ಓಪನ್‌ಸಿನಾರಿಯೋ ಕೇಳುವುದು ಗಾಡಿಯ ಆಕಾರ. ಓಪನ್‌ಡ್ರೈವ್ ಕೇಳುವುದು ಈ ಲೇನಿನಲ್ಲಿ ಯಾರಿಗೆ ದಾರಿ ಉಂಟು, ಯಾರಿಗಿಲ್ಲ ಎಂದು. ಅದರಲ್ಲಿ ಟ್ಯಾಕ್ಸಿ, ಡೆಲಿವರಿ, ಎಮರ್ಜೆನ್ಸಿ ಎಲ್ಲ ಟ್ರಕ್, ಬಸ್‌ಗಳ ಸಾಲಿನಲ್ಲೇ ಕೂತಿರುತ್ತವೆ. ಸುಮೋದ ವರ್ಗ ದಾರಿಯ ಹಕ್ಕನ್ನೂ ಹೇಳುತ್ತದೆ, ಉದ್ದ ಅಗಲದ ಪೂರ್ವನಿಗದಿ ಅಂಕಿಗಳನ್ನೂ ಜೊತೆಗೆ ತರುತ್ತದೆ. ಓಎಸ್‌ಐ ಕೇಳುವುದು ಸೆನ್ಸರಿನ ಮುಂದೆ ಇರುವ ವಸ್ತು ಯಾವುದು ಎಂದು. ಇವೆಲ್ಲದರ ಮೇಲೆ ನಮ್ಮ ಆರ್‌ಸಿ ಪುಸ್ತಕದ ಲೆಕ್ಕ: ಎಐಎಸ್-053 ಎಂಬ ಭಾರತೀಯ ವಾಹನ ಮಾನದಂಡದ ಎಲ್ (ಎರಡು, ಮೂರು ಚಕ್ರದವು), ಎಂ (ಪ್ರಯಾಣಿಕರವು), ಎನ್ (ಸರಕಿನವು) ವರ್ಗಗಳು.

ಒಂದೇ ಕಾಲಮ್ಮಿನಲ್ಲಿ ಇವನ್ನು ತುರುಕಲು ಹೋದದ್ದೇ ಹಂತ 2ರ ತಪ್ಪು. ಕಾಲಂಗಳನ್ನು ಒಡೆದದ್ದು ಹೀಗೆ: ಸಾಲಿನ ಗುರುತು (ಕೊ01ರಿಂದ ಕೊ23), ಆಕಾರ, ಬಳಕೆ, ಪಾತ್ರ, ಎಐಎಸ್ ವರ್ಗ. ಇವುಗಳ ಪಕ್ಕದಲ್ಲಿ ಅಳತೆಗಳು, ಆಕ್ಸಲ್ ಸಂಖ್ಯೆ, ಒಟ್ಟು ಭಾರ. ನಾಲ್ಕು ಮಾನದಂಡಗಳ ಮೌಲ್ಯಗಳನ್ನು ಇದರಿಂದ ಹುಟ್ಟಿಸುತ್ತೇವೆ. ಒಂದು ಮಾನದಂಡದಿಂದ ಇನ್ನೊಂದಕ್ಕೆ ನೇರ ದಾರಿ ಎಲ್ಲೂ ಇಟ್ಟಿಲ್ಲ.

ಪಾತ್ರವನ್ನು ಬೇರೆ ಮಾಡಿದ್ದರ ಲಾಭ ಆಂಬುಲೆನ್ಸ್ ಸಾಲಿನಲ್ಲಿ ಕಂಡಿತು. ಓಪನ್‌ಸಿನಾರಿಯೋ 1.2ರಲ್ಲೂ ಓಎಸ್‌ಐಯಲ್ಲೂ ಆಕಾರ ಒಂದು ಕಡೆ, ಪಾತ್ರ ಒಂದು ಕಡೆ. ಓಎಸ್‌ಐಯಲ್ಲಿ ಆಂಬುಲೆನ್ಸ್ 3, ಅಗ್ನಿಶಾಮಕ 4, ಪೊಲೀಸ್ 5, ಸಾರ್ವಜನಿಕ ಸಾರಿಗೆ 6. ಸುಮೋದಲ್ಲಿ ಆಂಬುಲೆನ್ಸೂ ಅಗ್ನಿಶಾಮಕವೂ ‘ಎಮರ್ಜೆನ್ಸಿ’ ಒಂದೇ ಖಾನೆ. ವಾಪಸ್ ಬರುವಾಗ ಯಾವುದು ಯಾವುದೆಂದು ತಿಳಿಯಲು ಸುಮೋದ ‘ಗುಯಿಶೇಪ್’ ಗುಣವನ್ನೂ (ತೆರೆಯ ಮೇಲೆ ಗಾಡಿ ಯಾವ ರೂಪದಲ್ಲಿ ಕಾಣಬೇಕು ಎಂಬುದು) ಓದಬೇಕು. ಅದರಲ್ಲಿ ಎಮರ್ಜೆನ್ಸಿ, ಫೈರ್‌ಬ್ರಿಗೇಡ್, ಪೊಲೀಸ್ ಬೇರೆ ಬೇರೆ ಇವೆ.

ಬಸ್ಸುಗಳಲ್ಲಿ ಸರ್ಕಾರಿ ಬಸ್ಸು, ಖಾಸಗಿ ರೂಟ್ ಬಸ್ಸು ಎರಡಕ್ಕೂ ಸಾರ್ವಜನಿಕ ಸಾರಿಗೆ ಪಾತ್ರ. ಪ್ರವಾಸಿಗರ ಟೂರಿಸ್ಟ್ ಬಸ್ಸಿಗೆ ಆಕಾರ ಬಸ್, ಪಾತ್ರ ಸಿವಿಲ್, ಸುಮೋದಲ್ಲಿ ‘ಕೋಚ್’. ಅದು ನಿಲ್ದಾಣದಲ್ಲಿ ನಿಲ್ಲುವುದಿಲ್ಲ, ರೂಟ್ ಬಸ್ಸು ನಿಲ್ಲುತ್ತದೆ. ಈ ವ್ಯತ್ಯಾಸ ಸಂಚಾರದಲ್ಲಿ ಎದ್ದು ಕಾಣುತ್ತದೆ.

ಹಂತ 4. ಆಟೋ

ಓಪನ್‌ಸಿನಾರಿಯೋ, ಓಪನ್‌ಡ್ರೈವ್, ಓಎಸ್‌ಐ ಮೂರರ ಪಟ್ಟಿಯಲ್ಲೂ ಮೂರು ಚಕ್ರದ ಗಾಡಿ ಇಲ್ಲ. ಭಾರತದ ರಸ್ತೆಗೆ ಇದು ಸಣ್ಣ ಕೊರತೆಯಲ್ಲ. ಎಐಎಸ್‌ನಲ್ಲಿ ಪ್ರಯಾಣಿಕ ಆಟೋಗೆ ಎಲ್5ಎಂ, ಸರಕಿನ ಆಟೋಗೆ ಎಲ್5ಎನ್ ಎಂದು ಚೊಕ್ಕ ಜಾಗವಿದೆ.

ಮೊದಲು ‘ಮೋಟರ್‌ಬೈಕ್’ ಮಾಡಿ ನೋಡಿದ್ದು. ಮೋಟರ್‌ಸೈಕಲ್‌ಗೆ ನಿಷೇಧವಿರುವ ಲೇನಿನಿಂದ ಆಟೋ ಕೂಡ ಹೊರಗೆ ಬಿತ್ತು. ಸೆನ್ಸರ್ ಮಾದರಿಗೆ 1.30 ಮೀಟರ್ ಅಗಲದ ಬೈಕು ಸಿಕ್ಕಿತು. ಎರಡನೆಯದು ಸುಮೋದ ‘ಕಸ್ಟಮ್1’, ಬಳಸುವವರು ತಮಗೆ ಬೇಕಾದ ಅರ್ಥ ಕೊಡಬಹುದಾದ ವರ್ಗ. ಕೆಲವು ರಸ್ತೆಗಳಲ್ಲಿ ‘ಇವರಿಗೆ ಮಾತ್ರ ದಾರಿ’ ಎಂಬ ಪಟ್ಟಿ ಇರುತ್ತದೆ, ಕಸ್ಟಮ್1 ಅದರಲ್ಲಿರುವುದಿಲ್ಲ. ಅಲ್ಲಿ ಆಟೋಗಳು ಹೊರಡಲೇ ಇಲ್ಲ, ದಾರಿ ಸಿಗುತ್ತಿಲ್ಲ ಎಂಬ ದೋಷ ಬಂತು.

ಈಗ ನಿಂತಿರುವ ಉತ್ತರ: ಓಪನ್‌ಸಿನಾರಿಯೋದಲ್ಲಿ ‘ಕಾರ್’, ಜೊತೆಗೆ ಪ್ರಾಪರ್ಟಿಯಲ್ಲಿ (ಹೆಚ್ಚುವರಿ ಮಾಹಿತಿಯ ಜಾಗ) ಆಟೋ ಸಾಲಿನ ಗುರುತು ಕೊ07 ಮತ್ತು ಎಲ್5ಎಂ. ಓಪನ್‌ಡ್ರೈವ್ ದಾರಿ ಹಕ್ಕಿಗೆ ‘ಟ್ಯಾಕ್ಸಿ’. ಸುಮೋದಲ್ಲೂ ವರ್ಗ ‘ಟ್ಯಾಕ್ಸಿ’, ಗುಯಿಶೇಪ್ ‘ರಿಕ್ಷಾ’. ಆ ಆಕಾರ ಸುಮೋದಲ್ಲಿ ಸಿದ್ಧವಿದೆ, ಹುಡುಕಿದವರಿಗೆ ಸಿಗುತ್ತದೆ. ಓಎಸ್‌ಐಯಲ್ಲಿ ‘ಅದರ್’ (1). ಇಲ್ಲಿ 0 ಹಾಕಬಾರದು: 0 ಎಂದರೆ ‘ಅನ್‌ನೋನ್’, ಅದನ್ನು ಗ್ರೌಂಡ್ ಟ್ರೂತ್‌ನಲ್ಲಿ (ಸಿಮ್ಯುಲೇಶನ್ನಿನ ನಿಜಸ್ಥಿತಿಯ ದಾಖಲೆ) ಬಳಸಕೂಡದೆಂದು ಮಾನದಂಡವೇ ಹೇಳುತ್ತದೆ. ಸರಕಿನ ಆಟೋಗೆ ಓಪನ್‌ಸಿನಾರಿಯೋ ‘ವ್ಯಾನ್’, ಸುಮೋ ‘ಡೆಲಿವರಿ’, ಓಎಸ್‌ಐ ಮತ್ತೆ 1.

ಚಕ್ರದ ಎಣಿಕೆಯಲ್ಲಿ ಇನ್ನೊಂದು ತಪ್ಪು. ಆಕ್ಸಲ್ ಸಂಖ್ಯೆಯನ್ನು ಎರಡರಿಂದ ಗುಣಿಸಿ ಚಕ್ರ ಎಣಿಸುತ್ತಿದ್ದೆವು, ಆಟೋಗೆ ನಾಲ್ಕು ಚಕ್ರ ಬಂತು. ಮುಂದಿನ ಆಕ್ಸಲ್‌ನ ಟ್ರ್ಯಾಕ್ ಅಗಲವನ್ನು (ಎಡ ಬಲ ಚಕ್ರಗಳ ನಡುವಿನ ದೂರ) 0 ಎಂದು ಬರೆದು, ಅಗಲ 0 ಇದ್ದರೆ ಒಂದೇ ಚಕ್ರ ಎಂಬ ನಿಯಮ ಸೇರಿಸಿದ ಮೇಲೆ ಆಟೋಗೆ 3, ಬೈಕಿಗೆ 2 ಸರಿಯಾಗಿ ಬಂದವು.

ಹಂತ 5. ನಾಲ್ಕು ಮೀಟರಿನ ಕಾರುಗಳು

ಓಎಸ್‌ಐಯ ಹಳೆಯ ಪಟ್ಟಿಯಲ್ಲಿ ಕಾರಿಗೆ ನಾಲ್ಕು ಖಾನೆ, ಬಹುಮಟ್ಟಿಗೆ ಉದ್ದದ ಮೇಲೆ. ಸಣ್ಣ ಕಾರು (2) ಎಂದರೆ 4 ಮೀಟರ್ ಒಳಗಿನ ಹ್ಯಾಚ್‌ಬ್ಯಾಕ್. ಕಾಂಪ್ಯಾಕ್ಟ್ (3) 4ರಿಂದ 4.5 ಮೀಟರಿನ ಹ್ಯಾಚ್‌ಬ್ಯಾಕ್. ಮೀಡಿಯಂ (4) 4.5ರಿಂದ 5 ಮೀಟರ್, ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್. ಅದಕ್ಕೂ ಉದ್ದವಿದ್ದರೆ ಲಕ್ಷುರಿ (5). ನಮ್ಮಲ್ಲಿ 4 ಮೀಟರ್ ಒಳಗಿದ್ದರೆ ತೆರಿಗೆ ಕಡಿಮೆ, ಹಾಗಾಗಿ ಸೆಡಾನನ್ನೂ ಅದಕ್ಕೇ ಕತ್ತರಿಸಿ ಹೊಲಿಯುತ್ತಾರೆ. ಟ್ಯಾಕ್ಸಿಯಾಗಿ ಓಡುವ ಡಿಜೈರ್ 3,995 ಮಿ.ಮೀ., ಬೊಲೆರೊ 3,995, ಮಾಂದಲಪಟ್ಟಿ ಕಡೆ ಕಾಣುವ ಥಾರ್ 3,985. ನಾಲ್ಕು ಮೀಟರ್ ಒಳಗಿನ ಸೆಡಾನಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಹೊಸ ಆವೃತ್ತಿಗಳಲ್ಲಿ ಈ ನಾಲ್ಕನ್ನೂ ಬಿಟ್ಟು ‘ಕಾರ್’ ಎಂಬ ಒಂದೇ ಖಾನೆ ಕೊಟ್ಟಿದ್ದಾರೆ, ಸಂಖ್ಯೆ 4. ಮೀಡಿಯಂ ಕಾರಿನ ಸಂಖ್ಯೆಯೂ 4. ಒಂದೇ ಸಂಖ್ಯೆಗೆ ಎರಡು ಹೆಸರು. ಲಾಗ್‌ನಲ್ಲಿ ಹೆಸರನ್ನು ಉಳಿಸಿಟ್ಟಿದ್ದೆವು, ಒಂದು ಯಂತ್ರದಲ್ಲಿ ಹಳೆಯ ಓಎಸ್‌ಐ, ಇನ್ನೊಂದರಲ್ಲಿ ಹೊಸದು. ಅದೇ ಕಡತದ ಅದೇ ಕಾರು ಎರಡು ಹೆಸರಿನಲ್ಲಿ ಬಂದು ಹೋಲಿಕೆ ಪೂರ್ತಿ ಕೆಂಪಾಯಿತು. ಈಗ ಸಂಖ್ಯೆಯನ್ನಷ್ಟೇ ಉಳಿಸುತ್ತೇವೆ. ಎಲ್ಲ ಕಾರಿಗೂ 4, ಉದ್ದ ಎಷ್ಟೆಂದು ಬೌಂಡಿಂಗ್ ಬಾಕ್ಸ್ (ಗಾಡಿಯನ್ನು ಸುತ್ತುವರಿಯುವ ಲೆಕ್ಕದ ಪೆಟ್ಟಿಗೆ) ಹೇಳುತ್ತದೆ.

ಸುಮೋದಲ್ಲಿ ಕಾರಿನ ಪೂರ್ವನಿಗದಿ ಉದ್ದ 5 ಮೀಟರ್. ಬದಲಾಯಿಸದೆ ಬಿಟ್ಟರೆ 20 ಡಿಜೈರ್‌ಗಳ ಸಾಲು ಇರಬೇಕಾದ್ದಕ್ಕಿಂತ 20 ಮೀಟರ್ ಉದ್ದವಾಗುತ್ತದೆ. ಮಡಿಕೇರಿಯ ಇಕ್ಕಟ್ಟಿನ ರಸ್ತೆಯಲ್ಲಿ ಅಷ್ಟು ಸಾಕು, ಸಾಲಿನ ಬಾಲ ಹಿಂದಿನ ಜಂಕ್ಷನ್ನಿಗೆ ತಾಗುತ್ತದೆ. ಯಾವ ಸಾಲಿನಲ್ಲೂ ಪೂರ್ವನಿಗದಿ ಅಳತೆ ಬಿಡಬೇಡಿ.

ಹಂತ 6. ಬಸ್ಸು ಆಟೋವನ್ನು ನುಂಗಿದ್ದು

ವರ್ಗಗಳೆಲ್ಲ ಸರಿಹೋದ ಮೇಲೆ ಎಸ್ಮಿನಿಯಲ್ಲಿ ಆಡಿಸಿದಾಗ ಕಂಡದ್ದು: ಆಟೋ ನಿಂತಿದೆ, ಹಿಂದೆ ಬಸ್ಸು ಬಂದು ನಿಲ್ಲುತ್ತದೆ, ಆಟೋ ಕಾಣುವುದಿಲ್ಲ. ಪೂರ್ತಿ ಬಸ್ಸಿನ ಒಳಗೆ.

ಕಾರಣ ಮೂಲಬಿಂದು. ಸುಮೋ ಕೊಡುವ ಸ್ಥಾನ ಗಾಡಿಯ ಮುಂದಿನ ಬಂಪರಿನ ನಡುಬಿಂದು. ಓಪನ್‌ಸಿನಾರಿಯೋದಲ್ಲಿ ಅದು ಹಿಂದಿನ ಆಕ್ಸಲ್‌ನ ನಡು, ನೆಲದ ಮೇಲೆ. ಓಎಸ್‌ಐಯಲ್ಲಿ ಬೌಂಡಿಂಗ್ ಬಾಕ್ಸಿನ ನಟ್ಟನಡು. ಸುಮೋದ ಸ್ಥಾನವನ್ನು ಹಾಗೆಯೇ ಓಪನ್‌ಸಿನಾರಿಯೋಗೆ ಕೊಟ್ಟರೆ ಪ್ರತಿ ಗಾಡಿಯೂ ವೀಲ್‌ಬೇಸ್ ಮತ್ತು ಮುಂಚಾಚು ಸೇರಿದಷ್ಟು ಮುಂದಕ್ಕೆ ಜಿಗಿಯುತ್ತದೆ. ಆಟೋ 2.30 ಮೀಟರ್, ಬಸ್ಸು 7.64 ಮೀಟರ್. ವ್ಯತ್ಯಾಸ 5.34. ಸುಮೋ ಇಬ್ಬರ ನಡುವೆ ಬಿಡುವ ಅಂತರ 2.5 ಮೀಟರ್. ಕಳೆದರೆ ಬಸ್ಸಿನ ಮೂತಿ ಆಟೋದ ಹಿಂತುದಿಯಿಂದ 2.84 ಮೀಟರ್ ಒಳಗೆ ನುಗ್ಗಿದೆ. ಆಟೋದ ಉದ್ದವೇ 2.63.

ಎಲ್ಲವೂ ಒಂದೇ ಅಳತೆಯ ಕಾರುಗಳಾಗಿದ್ದರೆ ಎಲ್ಲವೂ ಒಂದೇ ದೂರ ಜಿಗಿಯುತ್ತಿದ್ದವು, ಈ ತಪ್ಪು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪರೀಕ್ಷೆಗೆ ಯಾವಾಗಲೂ ಅತಿ ಉದ್ದದ ಗಾಡಿ ಮತ್ತು ಅತಿ ಗಿಡ್ಡ ಗಾಡಿಯನ್ನು ಹಿಂದೆ ಮುಂದೆ ನಿಲ್ಲಿಸಿ.

ಸರಿಪಡಿಸಿದ್ದು: ಸುಮೋದ ಕೋನ ಉತ್ತರದಿಂದ ಗಡಿಯಾರದ ದಿಕ್ಕಿಗೆ, ಡಿಗ್ರಿಯಲ್ಲಿ. 90ರಿಂದ ಅದನ್ನು ಕಳೆದು ರೇಡಿಯನ್ನಿಗೆ ತಿರುಗಿಸಿದರೆ ಓಪನ್‌ಸಿನಾರಿಯೋದ ದಿಕ್ಕು ಸಿಗುತ್ತದೆ. ಆ ದಿಕ್ಕಿನಲ್ಲಿ ಗಾಡಿಯನ್ನು ಹಿಂದಕ್ಕೆ ಸರಿಸುವುದು, ಆಟೋವನ್ನು 2.30, ಬಸ್ಸನ್ನು 7.64. ಓಎಸ್‌ಐಗೆ ಬಾಕ್ಸಿನ ನಡುವಿಂದ ಹಿಂದಿನ ಆಕ್ಸಲ್‌ಗೆ ಇರುವ ದೂರ ಆಟೋಗೆ −0.985, ಬಸ್ಸಿಗೆ −2.19. ಹಂತ 1ರಲ್ಲಿ ತೂಗುಗುಂಡು ಹಿಡಿದು ಅಳೆದದ್ದು ಈ ಅಂಕಿಗಳಿಗಾಗಿ.

ಹಂತ 7. ಮಳೆಗಾಲದ ಲಾರಿ ನಿಷೇಧ

ಮಳೆಗಾಲದಲ್ಲಿ ಜಿಲ್ಲಾಡಳಿತ 18,500 ಕಿಲೋಗಿಂತ ಹೆಚ್ಚಿನ ಭಾರದ ಸರಕು ವಾಹನಗಳನ್ನು ಜಿಲ್ಲೆಯ ರಸ್ತೆಗಳಲ್ಲಿ ನಿಲ್ಲಿಸುತ್ತದೆ. ಈ ಗೆರೆಯನ್ನು ಯಾವ ಪಟ್ಟಿಯೂ ಗುರುತಿಸುವುದಿಲ್ಲ. ಓಪನ್‌ಸಿನಾರಿಯೋ, ಓಪನ್‌ಡ್ರೈವ್, ಸುಮೋ ಮೂರಕ್ಕೂ ಎಲ್ಲವೂ ‘ಟ್ರಕ್’. ಎಐಎಸ್‌ನಲ್ಲಿ ಎನ್2 ಮತ್ತು ಎನ್3ರ ಗೆರೆ 12 ಟನ್ನಿಗೆ ಬೀಳುತ್ತದೆ. 18.5 ಟನ್ ಎಂಬುದು 2018ರ ಪರಿಷ್ಕರಣೆಯ ನಂತರ ಎರಡು ಆಕ್ಸಲ್‌ನ ಲಾರಿಗೆ ಸಿಕ್ಕ ಮಿತಿ. ಅಂದರೆ ಎರಡು ಆಕ್ಸಲ್‌ನ ಲಾರಿ ಹೋಗಬಹುದು, ಅದಕ್ಕಿಂತ ಭಾರದ್ದು ಕೆಳಗೇ ನಿಲ್ಲಬೇಕು.

ಎನ್3 ಸಾಲನ್ನು ಎರಡಾಗಿ ಸೀಳಿದ್ದೇವೆ. ಭಾರದ್ದಕ್ಕೆ ಸುಮೋದಲ್ಲಿ ‘ಕಸ್ಟಮ್2’ ಕೊಟ್ಟು, ಮಳೆಗಾಲದ ಓಟದಲ್ಲಿ ಆ ರಸ್ತೆಗಳಿಗೆ ಕಸ್ಟಮ್2 ನಿಷೇಧ. ಬೇಸಿಗೆಯ ಓಟದಲ್ಲಿ ಹಂತ 4ರ ತೊಂದರೆ ಮರುಕಳಿಸದಂತೆ ‘ಇವರಿಗೆ ಮಾತ್ರ’ ಪಟ್ಟಿಗಳಿಗೆಲ್ಲ ಕಸ್ಟಮ್2 ಸೇರಿಸಬೇಕು. ಓಪನ್‌ಡ್ರೈವ್‌ನಲ್ಲಿ ಈ ನಿಷೇಧವನ್ನು ಯೂಸರ್‌ಡೇಟಾದಲ್ಲಿ (ಬಳಸುವವರ ಸ್ವಂತ ಮಾಹಿತಿಯ ಜಾಗ) ಬರೆದಿಟ್ಟಿದ್ದೇವೆ. ಅದನ್ನು ನಮ್ಮ ಸ್ಕ್ರಿಪ್ಟ್ ಬಿಟ್ಟರೆ ಬೇರೆ ಯಾವ ತಂತ್ರಾಂಶವೂ ಓದುವುದಿಲ್ಲ.

ಹಂತ 8. ಸುತ್ತು ಪರೀಕ್ಷೆ

ಸುಮೋದಲ್ಲಿ ವಾಹನ ಬಗೆಯ ಗುರುತಾಗಿ ಕೊ07 ಎಂದೇ ಇಟ್ಟರೆ ಎಫ್‌ಸಿಡಿ ಕಡತದ (ಪ್ರತಿ ಗಾಡಿ ಪ್ರತಿ ಕ್ಷಣ ಎಲ್ಲಿದೆ ಎಂದು ಸುಮೋ ಬರೆಯುವ ಕಡತ) ಪ್ರತಿ ಸಾಲಿನಲ್ಲೂ ಅದು ಬರುತ್ತದೆ. ಅಲ್ಲಿಂದ ಓಪನ್‌ಸಿನಾರಿಯೋ ಪ್ರಾಪರ್ಟಿಗೆ. ಎಸ್ಮಿನಿ ಬರೆದ ಓಎಸ್‌ಐ ಕಡತವನ್ನು ಮತ್ತೆ ತೆರೆದು ‘ಸೋರ್ಸ್ ರೆಫರೆನ್ಸ್’ ಜಾಗಕ್ಕೆ ಕೊ07 ತುಂಬುತ್ತೇವೆ. ಆ ಕಡತದಲ್ಲಿ ಪ್ರತಿ ಸಂದೇಶದ ಮುಂದೆ 4 ಬೈಟ್‌ನಲ್ಲಿ ಅದರ ಉದ್ದ ಇರುತ್ತದೆ, ಚಿಕ್ಕ ಬೈಟ್ ಮೊದಲು. ತಿರುಗಿಸಿ ಓದಿದರೆ ಉದ್ದ ಕೋಟಿಗಟ್ಟಲೆ ಬಂದು ಮೆಮೊರಿ ತುಂಬುತ್ತದೆ.

ವರ್ಗ ತುಂಬದೇ ಇರುವ ವಸ್ತುವನ್ನು ಓದಿದರೂ ಓಎಸ್‌ಐ 0 ಕೊಡುತ್ತದೆ. ಆನೆ ಸಾಲಿನಲ್ಲಿ ಹೀಗಾಯಿತು. ಪ್ರಾಣಿಗೆ ವಾಹನ ವರ್ಗವೇ ಇಲ್ಲ, ಅದರ ಬಗೆ ‘ಆನಿಮಲ್’ (4). ವಾಹನ ವರ್ಗ ಕೇಳಿದಾಗ 0 ಬಂದು ಆನೆ ‘ಗೊತ್ತಿಲ್ಲದ ವಾಹನ’ವಾಗಿ ವರದಿಯಾಯಿತು. ಮೊದಲು ವಸ್ತುವಿನ ಬಗೆ ನೋಡಿ, ವರ್ಗದ ಜಾಗ ತುಂಬಿದೆಯೇ ಎಂದು ಕೇಳಿ, ಆಮೇಲೆ ಓದಬೇಕು. ಕಾರಿನ 4, ಪ್ರಾಣಿಯ 4 ಬೇರೆ ಬೇರೆ ಪಟ್ಟಿಯವು ಎಂಬುದೂ ನೆನಪಿರಲಿ.

ಈ ಬದಲಾವಣೆಗಳ ನಂತರ 23ರಲ್ಲಿ 21 ಹೋದಂತೆಯೇ ವಾಪಸ್ ಬಂದವು.

ಬಾಕಿ

ಆನೆ: ಓಪನ್‌ಸಿನಾರಿಯೋ, ಓಎಸ್‌ಐ ಎರಡರಲ್ಲೂ ಪ್ರಾಣಿಗೆ ಜಾಗವಿದೆ, ಸುಮೋದಲ್ಲಿಲ್ಲ. ಸದ್ಯಕ್ಕೆ ಆನೆ ಎಸ್ಮಿನಿಯಲ್ಲಿ ಮಾತ್ರ ದಾಟುತ್ತದೆ. ಸುಮೋದ ವಾಹನಗಳು ಅದನ್ನು ಕಂಡು ನಿಲ್ಲುವುದಿಲ್ಲ. ಆ ಹೊತ್ತಿಗೆ ಎರಡೂ ಲೇನ್ ಮುಚ್ಚುವ ದಾರಿ ಪ್ರಯತ್ನದಲ್ಲಿದೆ.

ಟ್ರ್ಯಾಕ್ಟರ್ ಮತ್ತು ಟ್ರೈಲರ್: ಸುಮೋಗೆ ಅದು ಒಂದೇ ಉದ್ದನೆಯ ಗಾಡಿ. ಓಎಸ್‌ಐಗೆ ಎರಡು ವಸ್ತು, ಒಂದರಲ್ಲಿ ಇನ್ನೊಂದರ ಗುರುತು. ನೇರ ರಸ್ತೆಯಲ್ಲಿ ಕತ್ತರಿಸಿ ಎರಡು ಮಾಡುವುದು ಸುಲಭ. ಹೇರ್‌ಪಿನ್ ತಿರುವಿನಲ್ಲಿ ಸುಮೋ ಕೊಡುವ ಕೋನ ಮುಂತುದಿಯಿಂದ ಹಿಂತುದಿಗೆ ಎಳೆದ ನೇರ ಗೆರೆಯದು. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಬಸ್ಸಿನ ಹಿಂದಿನ ಆಕ್ಸಲ್ ಲೇನಿನ ನಡುಗೆರೆಯಿಂದ ಸುಮಾರು 0.8 ಮೀಟರ್ ಒಳಕ್ಕೆ ಬೀಳುತ್ತದೆ. ನಿಜವಾದ ಬಸ್ಸಿನ ಹಿಂಚಕ್ರವೂ ಒಳಕ್ಕೇ ಸರಿಯುತ್ತದೆ, ಮುಂದಿನ ಆಕ್ಸಲ್ ನಡುಗೆರೆಯಲ್ಲಿದ್ದರೆ ಸುಮಾರು 1.10 ಮೀಟರ್. ಬಸ್ಸಿಗೆ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದ್ದೇವೆ. ಟ್ರೈಲರಿಗೆ ಒಪ್ಪಲಾಗದು: ಕೊಕ್ಕೆಯ ಬಿಂದು ಎರಡು ಗಾಡಿಗೂ ಒಂದೇ ಆಗಿರಬೇಕು, ಈಗಿನ ಲೆಕ್ಕದಲ್ಲಿ ತಿರುವಿನ ನಡುವೆ ಟ್ರೈಲರ್ ಕೊಕ್ಕೆಯಿಂದ ಬಿಟ್ಟುಹೋಗುತ್ತದೆ. ಕೊಕ್ಕೆಯ ಎತ್ತರ ಮತ್ತು ದೂರ ಅಳೆದಾಗಿದೆ. ಟ್ರ್ಯಾಕ್ಟರ್ ಸಾಲಾದ ಕೊ19ರ ಮುಂದಿನ ಖಾನೆಗಳನ್ನು ಇನ್ನೂ ತುಂಬಿಲ್ಲ.